ಶುಶ್ರೂಷೆ ಎಂದರೆ ಕೇಳುವ ಇಚ್ಛೆ

(ಉಣಕಲ್ಲಿನಲ್ಲಿ ನರ್ಸಿಂಗ್ ವಿದ್ಯಾರ್ಥಿಗಳು ಹಾಗೂ ಸಾರ್ವಜನಿಕರ ಮುಂದೆ ನೀಡಿದ ಉಪನ್ಯಾಸದ ಬರಹರೂಪ)



ಆಸ್ಪತ್ರೆಯಲ್ಲಿ ರೋಗಿಯ ಆರೈಕೆ ಮಾಡುವವರಿಗೆ ಹುಬ್ಬಳ್ಳಿ-ಧಾರವಾಡದ ಕಡೆ ಹಲವು ಹೆಸರುಗಳಿವೆ. ಹಳ್ಳಿಯಿಂದ ಬಂದ ಅಜ್ಜಿಗೆ ಆಕೆ ‘ನರ್ಸಬಾಯಿ’. ವಾರ್ಡಿನಲ್ಲಿ ಎಲ್ಲರಿಗೂ ‘ಸಿಸ್ಟರ್’. ಗಂಡಸಾದರೆ ‘ಬ್ರದರ್’. ಹಳೆಯ ಪುಸ್ತಕಗಳಲ್ಲಿ ‘ದಾದಿ’. ಸರ್ಕಾರಿ ಕಾಗದಪತ್ರಗಳಲ್ಲಿ ಮಾತ್ರ ‘ಶುಶ್ರೂಷಕಿ’. ಈ ಕೊನೆಯ ಶಬ್ದ ನಾಲಿಗೆಗೆ ಸ್ವಲ್ಪ ಕಷ್ಟ. ಆದರೆ ಅದರ ಅರ್ಥ ಮಿಕ್ಕ ಎಲ್ಲ ಹೆಸರುಗಳಿಗಿಂತ ದೊಡ್ಡದು.

ಸಂಸ್ಕೃತದಲ್ಲಿ ‘ಶ್ರು’ ಎಂದರೆ ಕೇಳು. ‘ಶುಶ್ರೂಷಾ’ ಎಂದರೆ ಕೇಳಬೇಕೆಂಬ ಇಚ್ಛೆ. ಗುರುವಿನ ಮಾತಿಗೆ ಕಿವಿಗೊಡುವ ಶಿಷ್ಯನ ವಿಧೇಯತೆಯನ್ನು ಸೂಚಿಸುತ್ತಿದ್ದ ಈ ಪದ ಕ್ರಮೇಣ ಸೇವೆ, ಉಪಚಾರ ಎಂಬ ಅರ್ಥಕ್ಕೆ ತಿರುಗಿತು. ಮೂಲದ ಅರ್ಥ ಬಳಕೆಯಲ್ಲಿ ಮರೆಯಾಯಿತು. ಆದರೆ ತೀವ್ರ ನಿಗಾ ಘಟಕದ ಬಾಗಿಲು ದಾಟಿದ ಮೇಲೆ ನರ್ಸ್ ಮಾಡಬೇಕಾದ ಕೆಲಸವನ್ನು ಇಷ್ಟು ಸರಿಯಾಗಿ ಹೇಳುವ ಪದ ಇನ್ನೊಂದಿಲ್ಲ. ಅಲ್ಲಿನ ರೋಗಿಗೆ ಸಾಮಾನ್ಯವಾಗಿ ಮಾತು ಬರುವುದಿಲ್ಲ. ಬಾಯಲ್ಲಿ ನಳಿಕೆ, ಇಲ್ಲವೇ ಕಣ್ಣಲ್ಲಿ ಮಂಪರು. ಆದರೂ ಆತನ ದೇಹ ಒಂದೇ ಸವನೆ ಏನನ್ನೋ ಹೇಳುತ್ತಿರುತ್ತದೆ. ಅದನ್ನು ಕೇಳಿಸಿಕೊಳ್ಳಲು ಯಾರಾದರೂ ಇದ್ದರೆ ಜೀವ ಉಳಿಯಬಹುದು. ಇಲ್ಲದಿದ್ದರೆ ‘ಇದ್ದಕ್ಕಿದ್ದಂತೆ ಹೋಗಿಬಿಟ್ಟರು’ ಎಂಬ ಮಾತು ಉಳಿಯುತ್ತದೆ.

ಆಸ್ಪತ್ರೆಯಲ್ಲಿ ರೋಗಿ ನಿಜವಾಗಿ ‘ಇದ್ದಕ್ಕಿದ್ದಂತೆ’ ಕುಸಿಯುವುದು ಕಡಿಮೆ. ಹೃದಯ ನಿಲ್ಲುವ ಎಷ್ಟೋ ಗಂಟೆ ಮೊದಲೇ ದೇಹ ಸೂಚನೆ ಕೊಟ್ಟಿರುತ್ತದೆ. ಆ ಸೂಚನೆಗಳು ಯಾವುವು, ಅವನ್ನು ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಏನು ಎಂಬುದೇ ಗಂಭೀರ ರೋಗಿಗಳ ಶುಶ್ರೂಷೆಯ ತಿರುಳು. ನರ್ಸಿಂಗ್ ಓದುವವರಿಗೆ ಇದು ಪಾಠ. ಆಸ್ಪತ್ರೆಯ ಹೊರಗೆ ಬುತ್ತಿಗಂಟು ಹಿಡಿದು ಕಾಯುವವರಿಗೂ ಇದು ತಿಳಿದಿರುವುದು ಒಳ್ಳೆಯದು.

ಗುಡಿಯ ನಾಲ್ಕು ಬಾಗಿಲು

ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯನ್ನು ಈ ಊರಿನವರಿಗೆ ಪರಿಚಯಿಸಬೇಕಿಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಈ ಕಟ್ಟಡಕ್ಕೆ ನಾಲ್ಕೂ ದಿಕ್ಕಿಗೆ ಬಾಗಿಲು. ಒಳಗೆ ನಾಲ್ಕು ಮುಖದ ಲಿಂಗವೂ ಇದೆ. ಒಂದೇ ಬಾಗಿಲಲ್ಲಿ ನಿಂತವರಿಗೆ ಒಂದೇ ಮುಖದ ದರ್ಶನ.

ಪ್ರಾಚೀನ ವೈದ್ಯಗ್ರಂಥ ಚರಕಸಂಹಿತೆಯೂ ಚಿಕಿತ್ಸೆಗೆ ನಾಲ್ಕು ಪಾದಗಳೆಂದು ಹೇಳುತ್ತದೆ. ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಆರೈಕೆ ಮಾಡುವವರನ್ನು ವೈದ್ಯನ ಪಕ್ಕದಲ್ಲೇ ಒಂದು ಪಾದವೆಂದು ಎಣಿಸಿರುವುದು ಗಮನಾರ್ಹ. ಪರಿಚಾರಕನಿಗೂ ಅದು ನಾಲ್ಕು ಗುಣಗಳನ್ನು ವಿಧಿಸುತ್ತದೆ. ಉಪಚಾರದ ತಿಳಿವಳಿಕೆ, ಕೈಚಳಕ, ಪ್ರೀತಿ, ಶುಚಿತ್ವ. ಪ್ರೀತಿಗಿಂತ ಮೊದಲು ತಿಳಿವಳಿಕೆಯನ್ನು ಇಟ್ಟಿದೆ. ‘ಸೇವಾಮನೋಭಾವ ಇದ್ದರೆ ಸಾಕು’ ಎನ್ನುವವರು ಈ ಕ್ರಮವನ್ನು ಒಮ್ಮೆ ನೋಡಬೇಕು.

ಇಂದಿನ ತೀವ್ರ ನಿಗಾ ಘಟಕದಲ್ಲೂ ರೋಗಿಯನ್ನು ನಾಲ್ಕು ಬಾಗಿಲುಗಳಿಂದ ನೋಡಬೇಕು. ಉಸಿರು, ರಕ್ತಸಂಚಾರ, ಪ್ರಜ್ಞೆ, ಮೂತ್ರ.

ಮೊದಲ ಬಾಗಿಲು ಉಸಿರು. ವಯಸ್ಕರು ವಿಶ್ರಾಂತಿಯಲ್ಲಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ಅದು 25 ಮುಟ್ಟಿದರೆ ಅಥವಾ 8ಕ್ಕೆ ಇಳಿದರೆ ಅಪಾಯ. ಕಾರಣ ಸರಳ. ಅಂಗಾಂಗಗಳಿಗೆ ಪ್ರಾಣವಾಯು ಸಾಲದೆ ಹೋದಾಗ, ರಕ್ತದಲ್ಲಿ ಆಮ್ಲ ಹೆಚ್ಚಿದಾಗ ಮಿದುಳು ಮೊದಲು ಉಸಿರಿನ ವೇಗ ಏರಿಸುತ್ತದೆ. ರಕ್ತದೊತ್ತಡ ಬೀಳುವುದು ಸಾಮಾನ್ಯವಾಗಿ ಆಮೇಲೆ. ಅದರಲ್ಲೂ ಹರೆಯದವರಲ್ಲಿ ದೇಹ ರಕ್ತನಾಳಗಳನ್ನು ಬಿಗಿಹಿಡಿದು ಒತ್ತಡವನ್ನು ಕೊನೆಯವರೆಗೂ ಕಾಯ್ದುಕೊಳ್ಳುತ್ತದೆ. ‘ಬಿಪಿ ಸರಿ ಇದೆ’ ಎಂದು ನೆಮ್ಮದಿಯಾಗಿ ಕೂರುವಂತಿಲ್ಲ ಎನ್ನುವುದು ಇದಕ್ಕೇ.

ಆದರೆ ನಾಡಿ, ಬಿಪಿ, ಜ್ವರ ಎಲ್ಲವನ್ನೂ ಯಂತ್ರದಲ್ಲಿ ಅಳೆದು, ಉಸಿರಿನ ಜಾಗದಲ್ಲಿ ಎಣಿಸದೆಯೇ ‘20’ ಎಂದು ಬರೆದುಬಿಡುವ ಅಭ್ಯಾಸ ಲೋಕದ ಎಲ್ಲ ಆಸ್ಪತ್ರೆಗಳಿಗೂ ಗೊತ್ತು. ಉಸಿರನ್ನು ಎಣಿಸಲು ಬೇಕಾದದ್ದು ಒಂದು ಗಡಿಯಾರ, ಒಂದು ಪೂರ್ತಿ ನಿಮಿಷ. ಎಣಿಸುತ್ತಿರುವುದು ರೋಗಿಗೆ ಗೊತ್ತಾಗಬಾರದು. ಗೊತ್ತಾದರೆ ಉಸಿರಿನ ಲಯ ಬದಲಾಗುತ್ತದೆ. ಆದ್ದರಿಂದ ಅನುಭವಿಗಳು ನಾಡಿ ನೋಡುವವರಂತೆ ಮಣಿಕಟ್ಟು ಹಿಡಿದು, ಕಣ್ಣನ್ನು ಎದೆಯ ಮೇಲೆ ಇಡುತ್ತಾರೆ.

ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ 2020ರ ಕೋವಿಡ್ ಬಳಿಕ ಮನೆಮನೆಗೂ ಬಂದಿದೆ. ಇದರ ತತ್ವವನ್ನು 1974ರಲ್ಲಿ ರೂಪಿಸಿದವರು ಜಪಾನಿನ ತಕುವೊ ಅಯೊಯಾಗಿ. ಉಪಯುಕ್ತ ಸಾಧನ ಹೌದು, ಆದರೆ ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಹಚ್ಚಿದ್ದರೆ ತಪ್ಪು ಹೇಳುತ್ತದೆ. ಕಪ್ಪು ಮೈಬಣ್ಣದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದೆಂದೂ ಕಂಡುಬಂದಿದೆ. ಇನ್ನೊಂದು ಸಂಗತಿ. 98ರಿಂದ 92ಕ್ಕೆ ಇಳಿಯುವುದು ಇಳಿಜಾರಿನ ದಾರಿಯಾದರೆ, 90ರ ಕೆಳಗೆ ಕಡಿದಾದ ಕಮರಿ. ಅಲ್ಲಿಂದ ಮುಂದೆ ಕುಸಿಯಲು ನಿಮಿಷಗಳು ಸಾಕು.

ಎರಡನೆಯದು ರಕ್ತಸಂಚಾರ. ಕೈಕಾಲು ಬೆಚ್ಚಗಿವೆಯೇ? ಉಗುರನ್ನು ಒತ್ತಿ ಬಿಟ್ಟರೆ ಎರಡು-ಮೂರು ಸೆಕೆಂಡಿನೊಳಗೆ ಕೆಂಪು ಮರಳುತ್ತದೆಯೇ? ಮೇಲಿನ ಬಿಪಿ 90ಕ್ಕೆ ಇಳಿದರೆ, ನಾಡಿ 130 ದಾಟಿದರೆ ಕಾಯುವ ಸಮಯ ಮುಗಿದಿದೆ ಎಂದೇ ಅರ್ಥ.

ಮೂರನೆಯದು ಪ್ರಜ್ಞೆ. ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದ ನರತಜ್ಞರಾದ ಗ್ರಹಾಂ ಟೀಸ್‌ಡೇಲ್ ಮತ್ತು ಬ್ರಯಾನ್ ಜೆನೆಟ್ 1974ರಲ್ಲಿ ಇದಕ್ಕೊಂದು ಅಳತೆಗೋಲು ಕೊಟ್ಟರು. ಕಣ್ಣು ತೆರೆಯುವುದಕ್ಕೆ 4 ಅಂಕ, ಮಾತಿಗೆ 5, ಕೈಕಾಲಿನ ಚಲನೆಗೆ 6. ಪೂರ್ತಿ ಎಚ್ಚರವಿದ್ದವರಿಗೆ 15, ಏನೂ ಪ್ರತಿಕ್ರಿಯೆ ಇಲ್ಲದವರಿಗೆ 3. ಎಂಟು ಅಥವಾ ಅದಕ್ಕಿಂತ ಕಡಿಮೆಯಾದರೆ ನಾಲಿಗೆ ಹಿಂದಕ್ಕೆ ಬಿದ್ದು ಉಸಿರಿನ ದಾರಿ ಮುಚ್ಚುವ ಭಯ. ಇದರ ಗುಣವೆಂದರೆ ರಾತ್ರಿ ಪಾಳಿಯವರು ಬರೆದದ್ದು ಬೆಳಗಿನ ಪಾಳಿಯವರಿಗೂ ಅದೇ ಅರ್ಥದಲ್ಲಿ ತಿಳಿಯುತ್ತದೆ.

ನಾಲ್ಕನೆಯದು ಮೂತ್ರ. ಗಂಟೆಗೆ ಒಂದು ಕಿಲೋ ತೂಕಕ್ಕೆ ಅರ್ಧ ಮಿಲಿಲೀಟರ್‌ನಂತೆ, ಅರವತ್ತು ಕಿಲೋ ತೂಗುವವರಿಗೆ ಕನಿಷ್ಠ 30 ಮಿಲಿಲೀಟರ್ ಮೂತ್ರ ಬರಬೇಕು. ಕಡಿಮೆಯಾದರೆ ಮೂತ್ರಪಿಂಡಕ್ಕೆ ರಕ್ತ ಸಾಲುತ್ತಿಲ್ಲ ಎಂಬ ಶಂಕೆ. ಚೀಲದಲ್ಲಿ ಇಳಿದ ಹನಿಯನ್ನು ಗಂಟೆಗೊಮ್ಮೆ ಬರೆದಿಡುವುದು ಬೇಸರದ ಕೆಲಸವೆನಿಸಬಹುದು. ಒಳಗಿನ ಅಂಗಾಂಗಗಳ ಸ್ಥಿತಿಯನ್ನು ಇಷ್ಟು ಅಗ್ಗವಾಗಿ ತಿಳಿಸುವ ಪರೀಕ್ಷೆ ಬೇರೊಂದಿಲ್ಲ.

ಇವನ್ನೆಲ್ಲ ಜೋಡಿಸಿ ಇಂಗ್ಲೆಂಡಿನ ರಾಯಲ್ ಕಾಲೇಜ್ ಆಫ್ ಫಿಜಿಷಿಯನ್ಸ್ 2012ರಲ್ಲಿ ಅಂಕಗಳ ಒಂದು ಪಟ್ಟಿ ಹೊರತಂದಿತು. ಒಟ್ಟು ಅಂಕ 5 ಆದರೆ ತಕ್ಷಣ ವೈದ್ಯರಿಗೆ ತಿಳಿಸಬೇಕು. 7 ಆದರೆ ತುರ್ತು ತಂಡವೇ ಬರಬೇಕು. 2017ರ ಪರಿಷ್ಕರಣೆಯಲ್ಲಿ ‘ಹೊಸದಾಗಿ ಕಾಣಿಸಿಕೊಂಡ ಗೊಂದಲ’ವನ್ನೂ ಅಪಾಯದ ಲಕ್ಷಣವಾಗಿ ಸೇರಿಸಲಾಯಿತು.

ಯಂತ್ರಕ್ಕಿಂತ ಮೊದಲು ಕೈ

ತೀವ್ರ ನಿಗಾ ಘಟಕವೆಂದರೆ ಯಂತ್ರಗಳ ಕೋಣೆ ಎಂಬುದು ಸಾಮಾನ್ಯ ಕಲ್ಪನೆ. ಇತಿಹಾಸ ಬೇರೆಯದನ್ನೇ ಹೇಳುತ್ತದೆ. 1854ರಲ್ಲಿ ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆ ಫ್ಲಾರೆನ್ಸ್ ನೈಟಿಂಗೇಲ್ ತುರ್ಕಿಯ ಸ್ಕುಟಾರಿಗೆ ಹೋದಾಗ ಯಂತ್ರಗಳೇ ಇರಲಿಲ್ಲ. ತೀರಾ ಗಂಭೀರ ಸ್ಥಿತಿಯವರನ್ನು ದಾದಿಯರ ಕಣ್ಣೆದುರಿಗೆ ಮಲಗಿಸುವ ಪದ್ಧತಿಯ ಮೂಲವನ್ನು ಆಕೆಯ ಕಾಲದಲ್ಲೇ ಗುರುತಿಸಲಾಗುತ್ತದೆ. 1859ರಲ್ಲಿ ಆಕೆ ಬರೆದ ‘ನೋಟ್ಸ್ ಆನ್ ನರ್ಸಿಂಗ್’ ಪುಸ್ತಕದಲ್ಲಿ ರೋಗಿಯನ್ನು ಗಮನಿಸುವುದಕ್ಕೇ ಒಂದು ಅಧ್ಯಾಯವಿದೆ.

ನಿಜವಾದ ತಿರುವು ಬಂದದ್ದು 1952ರಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. ಪೋಲಿಯೊ ಪಿಡುಗು ಹಬ್ಬಿ, ಉಸಿರಾಟದ ಸ್ನಾಯುಗಳು ಸೋತ ಮಕ್ಕಳು ಬ್ಲೆಗ್ಡಮ್ ಆಸ್ಪತ್ರೆಗೆ ಬರತೊಡಗಿದರು. ಅಲ್ಲಿದ್ದ ಉಸಿರಾಟದ ಯಂತ್ರಗಳು ಬೆರಳೆಣಿಕೆಯಷ್ಟು. ಅವುಗಳ ನೆರವು ಪಡೆದ ಮೊದಲ 31 ರೋಗಿಗಳಲ್ಲಿ 27 ಮಂದಿ ಮೂರು ದಿನಗಳೊಳಗೆ ತೀರಿಕೊಂಡರು. ಆಗಸ್ಟ್ 27ರಂದು ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಹನ್ನೆರಡು ವರ್ಷದ ಬಾಲಕಿಯೊಬ್ಬಳ ಗಂಟಲಿನಲ್ಲಿ ರಂಧ್ರ ಮಾಡಿಸಿ, ನಳಿಕೆ ಇರಿಸಿ, ರಬ್ಬರ್ ಚೀಲವನ್ನು ಕೈಯಿಂದ ಒತ್ತಿ ಉಸಿರು ತುಂಬಿದರು. ಬಾಲಕಿ ಬದುಕಿದಳು. ಮುಂದೆ ಸುಮಾರು 1500 ವೈದ್ಯ ಹಾಗೂ ದಂತವೈದ್ಯ ವಿದ್ಯಾರ್ಥಿಗಳು ದಾದಿಯರ ಜೊತೆ ಪಾಳಿಯ ಮೇಲೆ ಕುಳಿತು ಹಗಲೂ ರಾತ್ರಿ ಚೀಲ ಒತ್ತಿದರು. ಸಾವಿನ ಪ್ರಮಾಣ ಗಣನೀಯವಾಗಿ ಇಳಿಯಿತು. ಈ ಅನುಭವದಿಂದಲೇ 1953ರ ಕೊನೆಗೆ ಅದೇ ನಗರದಲ್ಲಿ ಇಬ್ಸೆನ್ ಆರಂಭಿಸಿದ ಘಟಕವನ್ನು ಜಗತ್ತಿನ ಮೊದಲ ತೀವ್ರ ನಿಗಾ ಘಟಕವೆಂದು ಹಲವರು ಪರಿಗಣಿಸುತ್ತಾರೆ.

1956ರಲ್ಲಿ ಅದೇ ಡೆನ್ಮಾರ್ಕಿನಲ್ಲಿ ತಾನಾಗಿಯೇ ಉಬ್ಬಿಕೊಳ್ಳುವ ‘ಆಂಬು’ ಚೀಲ ತಯಾರಾಯಿತು. ಇಂದಿಗೂ ವೆಂಟಿಲೇಟರ್ ಇರುವ ಪ್ರತಿ ಹಾಸಿಗೆಯ ಪಕ್ಕ ಇಂಥದ್ದೊಂದು ಚೀಲ ತೂಗುಹಾಕಿರಬೇಕು. ಯಂತ್ರ ಕೂಗಿಕೊಂಡಾಗ ನರ್ಸ್ ಮೊದಲು ನೋಡಬೇಕಾದದ್ದು ಯಂತ್ರವನ್ನಲ್ಲ, ರೋಗಿಯನ್ನು. ರೋಗಿ ಕಳೆಗುಂದುತ್ತಿದ್ದರೆ ಯಂತ್ರವನ್ನು ಬಿಡಿಸಿ ಕೈಯಿಂದ ಚೀಲ ಒತ್ತುತ್ತಾ ನಾಲ್ಕು ಪ್ರಶ್ನೆ ಕೇಳಿಕೊಳ್ಳಬೇಕು. ನಳಿಕೆ ಜಾರಿದೆಯೇ? ಕಫದಿಂದ ಕಟ್ಟಿಕೊಂಡಿದೆಯೇ? ಪುಪ್ಪುಸದ ಹೊರಗೆ ಗಾಳಿ ಸೇರಿದೆಯೇ? ಯಂತ್ರವೇ ಕೆಟ್ಟಿದೆಯೇ?

1960ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಹೃದಯಾಘಾತದ ರೋಗಿಗಳಿಗೆ ಪ್ರತ್ಯೇಕ ಘಟಕಗಳು ತೆರೆದಾಗ ಇನ್ನೊಂದು ಸತ್ಯ ಹೊರಬಿತ್ತು. ಹೃದಯದ ಲಯ ತಪ್ಪಿದ ಕೆಲವೇ ನಿಮಿಷಗಳಲ್ಲಿ ವಿದ್ಯುತ್ ಆಘಾತ ಕೊಡಬೇಕು. ವೈದ್ಯರು ಬರುವವರೆಗೆ ಕಾದರೆ ಹೊತ್ತು ಮೀರುತ್ತದೆ. ಹಾಗಾಗಿ ಹೃದಯದ ಗೆರೆಗಳನ್ನು ಓದಿ ಆಘಾತ ಕೊಡುವ ಅಧಿಕಾರವನ್ನು ತರಬೇತಾದ ನರ್ಸ್‌ಗಳಿಗೇ ವಹಿಸಲಾಯಿತು. ಅದುವರೆಗೆ ವೈದ್ಯರ ಅಪ್ಪಣೆ ಪಾಲಿಸುವವರಾಗಿದ್ದವರು ನಿರ್ಧಾರ ಕೈಗೊಳ್ಳುವವರಾದರು.

ದಿಂಬಿನಿಂದ ತಲೆ ಎತ್ತಿದರೆ

ಪರದೇಶದ ಪುಸ್ತಕಗಳಲ್ಲಿ ಹೃದಯಾಘಾತ, ಪಾರ್ಶ್ವವಾಯುಗಳದೇ ದೊಡ್ಡ ಅಧ್ಯಾಯ. ಉತ್ತರ ಕರ್ನಾಟಕದ ಆಸ್ಪತ್ರೆಗಳಲ್ಲಿ ಅವುಗಳ ಜೊತೆ ಇನ್ನೆರಡು ಸೇರುತ್ತವೆ. ಉಣಕಲ್ಲಿನಿಂದ ಹುಬ್ಬಳ್ಳಿಯತ್ತ ಹೊರಟರೆ ವಿದ್ಯಾನಗರದಲ್ಲಿ ಸಿಗುವ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹಾವೇರಿ, ಗದಗ, ಕೊಪ್ಪಳ, ಬಾಗಲಕೋಟೆ, ಉತ್ತರ ಕನ್ನಡದಿಂದಲೂ ರೋಗಿಗಳು ಬರುತ್ತಾರೆ. 1957ರಲ್ಲಿ ಶುರುವಾದ ಈ ಸಂಸ್ಥೆ ‘ಕಿಮ್ಸ್’ ಎಂದೇ ಜನರ ಬಾಯಲ್ಲಿ ನೆಲೆನಿಂತಿದೆ. ಇಷ್ಟು ದೊಡ್ಡ ಬೇಸಾಯದ ಸೀಮೆಯಿಂದ ಬರುವವರಲ್ಲಿ ಹೊಲದ ಕೀಟನಾಶಕ ಹೊಟ್ಟೆಗೆ ಹೋದವರೂ, ಹಾವು ಕಚ್ಚಿದವರೂ ಇರುತ್ತಾರೆ.

ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ದೇಹ ಸೇರಿದರೆ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ಬಾಯಲ್ಲಿ ಜೊಲ್ಲು, ಮೈತುಂಬ ಬೆವರು, ಎದೆಯಲ್ಲಿ ಗೊರಗೊರ ಸದ್ದು. ನರ್ಸ್ ಕೈಗವಸು ತೊಟ್ಟು ಬಟ್ಟೆ ಬಿಚ್ಚಿಸಿ ಮೈ ತೊಳೆಯಬೇಕು. ವಿಷ ಚರ್ಮದ ಮೂಲಕವೂ ಇಳಿಯುತ್ತದೆ. ಅಟ್ರೋಪಿನ್ ಚುಚ್ಚುಮದ್ದನ್ನು ಎದೆಯ ನೀರು ಒಣಗುವವರೆಗೆ ಕೆಲವು ನಿಮಿಷಗಳಿಗೊಮ್ಮೆ ಏರಿಸುತ್ತಾ ಹೋಗಬೇಕಾಗುತ್ತದೆ. ಎದೆಗೆ ಸ್ಟೆತಸ್ಕೋಪ್ ಹಿಡಿದು ಕೇಳುತ್ತಲೇ ಇರಬೇಕು. ‘ಯಾಕೆ ಕುಡಿದೆ’ ಎಂಬ ವಿಚಾರಣೆ ಆ ಹೊತ್ತಿನ ಕೆಲಸವಲ್ಲ.

ನಿಜವಾದ ಮೋಸ ಆಮೇಲೆ. ಎರಡನೆಯ, ಮೂರನೆಯ ದಿನ ರೋಗಿ ಚೇತರಿಸಿಕೊಳ್ಳುತ್ತಾನೆ. ಗಂಜಿ ಕೇಳುತ್ತಾನೆ. ಮನೆಯವರು ದೇವರಿಗೆ ಕೈಮುಗಿಯುತ್ತಾರೆ. ಅಂಥ ಹೊತ್ತಿನಲ್ಲಿ ಅನುಭವಿ ನರ್ಸ್ ಒಬ್ಬಾಕೆ ಹಾಸಿಗೆಯ ಬಳಿ ಬಂದು, ‘ತಲಿ ಎತ್ರಿ ಯಜಮಾನ್ರ, ನಾ ಹತ್ತು ಎಣಸೂತನಾ ಹಂಗ ಹಿಡೀರಿ’ ಎನ್ನುತ್ತಾಳೆ. ತಲೆ ದಿಂಬು ಬಿಟ್ಟು ಏಳದಿದ್ದರೆ, ಎದ್ದರೂ ಕೂಡಲೇ ಬಿದ್ದರೆ ಆಕೆ ಓಡುತ್ತಾಳೆ. ಕತ್ತಿನ ಸ್ನಾಯು ಸೋತರೆ ಅದರ ಹಿಂದೆಯೇ ಉಸಿರಿನ ಸ್ನಾಯು ಸೋಲುವ ಸಂಭವವಿದೆ. ವಿಷ ಸೇರಿದ ಒಂದರಿಂದ ನಾಲ್ಕು ದಿನಗಳೊಳಗೆ ಬರುವ ಈ ಸ್ಥಿತಿಯನ್ನು 1987ರಲ್ಲಿ ಜಗತ್ತಿಗೆ ವಿವರಿಸಿದವರು ಶ್ರೀಲಂಕಾದ ವೈದ್ಯರಾದ ನಿಮಲ್ ಸೇನಾನಾಯಕೆ ಮತ್ತು ಲಕ್ಷ್ಮಣ್ ಕರಲ್ಲಿಯದ್ದೆ. ಇದನ್ನು ಹಿಡಿಯಲು ಒಂದು ದಿಂಬು, ಒಂದು ಮಾತು ಸಾಕು.

ಹಾವಿನ ಕಡಿತದಲ್ಲೂ ಹೀಗೆಯೇ. ಕೊಳಕುಮಂಡಲ, ಗರಗಸ ಮಂಡಲಗಳ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನು ಕೆಡಿಸುತ್ತದೆ. ಇದನ್ನು ತಿಳಿಯಲು ಒಣಗಿದ ಶುದ್ಧ ಗಾಜಿನ ನಳಿಕೆಯಲ್ಲಿ ಎರಡು ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ನಂತರ ಓರೆ ಮಾಡಿ ನೋಡುತ್ತಾರೆ. ರಕ್ತ ನೀರಿನಂತೆ ಹರಿದರೆ ಪ್ರತಿವಿಷ ಬೇಕು. ನಳಿಕೆ ಪ್ಲಾಸ್ಟಿಕ್ಕಿನದಾಗಿದ್ದರೆ, ಸೋಪಿನಿಂದ ತೊಳೆದದ್ದಾಗಿದ್ದರೆ ಫಲಿತಾಂಶ ತಪ್ಪಾಗುತ್ತದೆ. ಕಟ್ಟುಹಾವಿನ ಕಡಿತದಲ್ಲಾದರೆ ಬಾವು ಇರುವುದಿಲ್ಲ, ರಕ್ತವೂ ಸರಿಯಾಗಿ ಹೆಪ್ಪುಗಟ್ಟುತ್ತದೆ. ನೋಡಬೇಕಾದದ್ದು ರೆಪ್ಪೆಗಳನ್ನು. ‘ನಿದ್ದೆ ಬಂದಿದೆ’ ಎಂದು ರೆಪ್ಪೆ ಇಳಿಬಿಟ್ಟ ರೋಗಿ ಉಸಿರು ನಿಲ್ಲುವ ಹಾದಿಯಲ್ಲಿರಬಹುದು. ಪ್ರತಿವಿಷ ಕೊಡುವಾಗ ಅದೇ ಮೈಗೆ ಒಗ್ಗದಿರುವ ಸಂಭವವೂ ಇದೆ. ಆದ್ದರಿಂದ ಅಡ್ರಿನಾಲಿನ್ ಸಿರಿಂಜಿನಲ್ಲಿ ಸಿದ್ಧವಿರಬೇಕು, ನರ್ಸ್ ಹಾಸಿಗೆ ಬಿಟ್ಟು ಕದಲಬಾರದು. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ.

ಮಲಗಿದವರ ಮೈ

ವೆಂಟಿಲೇಟರ್ ಜೀವ ಉಳಿಸುತ್ತದೆ, ಸೋಂಕನ್ನೂ ತರುತ್ತದೆ. ಅದನ್ನು ತಡೆಯುವ ಉಪಾಯಗಳಲ್ಲಿ ಬಹುಪಾಲು ನರ್ಸ್ ಕೈಯಲ್ಲೇ ಇವೆ. ಹಾಸಿಗೆಯ ತಲೆಭಾಗ 30ರಿಂದ 45 ಡಿಗ್ರಿ ಎತ್ತರಿಸುವುದು, ಬಾಯಿ ಶುಚಿ, ಪ್ರತಿ ರೋಗಿಯನ್ನು ಮುಟ್ಟುವ ಮೊದಲೂ ಆಮೇಲೂ ಕೈ ತೊಳೆಯುವುದು. ಕಫ ಎಳೆಯುವಾಗ ಪ್ರಾಣವಾಯುವೂ ಹೊರಗೆ ಬರುತ್ತದೆ. ಹಾಗಾಗಿ ಒಂದು ಸಲಕ್ಕೆ ಹದಿನೈದು ಸೆಕೆಂಡು ಮೀರಬಾರದು. ಅಲುಗಾಡದೆ ಮಲಗಿದವರನ್ನು ಹೊರಳಿಸುತ್ತಿರದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ.

ಪುಪ್ಪುಸ ತೀವ್ರವಾಗಿ ಕೆಟ್ಟವರನ್ನು ದಿನಕ್ಕೆ 16 ಗಂಟೆ ಬೋರಲು ಮಲಗಿಸಿದರೆ ಸಾವು ಸುಮಾರು ಅರ್ಧಕ್ಕೆ ಇಳಿಯುತ್ತದೆಂದು 2013ರಲ್ಲಿ ಪ್ರಕಟವಾದ ಫ್ರಾನ್ಸಿನ ಅಧ್ಯಯನವೊಂದು ತೋರಿಸಿತು. ಕೋವಿಡ್ ಕಾಲದಲ್ಲಿ ಜಗತ್ತಿನಾದ್ಯಂತ ಇದನ್ನೇ ಮಾಡಲಾಯಿತು. ಹೊಸ ಔಷಧವಿಲ್ಲ, ಹೊಸ ಯಂತ್ರವಿಲ್ಲ. ಬಾಯಿಯ ನಳಿಕೆ, ಕತ್ತಿನ ಸೂಜಿ ಜಾರದಂತೆ ನಾಲ್ಕೈದು ಜನ ಒಟ್ಟಿಗೆ ಎಣಿಸಿ ರೋಗಿಯನ್ನು ಹೊರಳಿಸಬೇಕು, ಅಷ್ಟೇ. ಆದರೆ ಆ ನಾಲ್ಕೈದು ಜನ ಇರಬೇಕು.

ಹೇಳಿದ್ದನ್ನು ಕೇಳುವವರು ಬೇಕು

ಮಾತು ಮುಖ್ಯ ಪ್ರಶ್ನೆಗೆ ಬರುವುದು ಇಲ್ಲಿಯೇ. ತೀವ್ರ ನಿಗಾ ಘಟಕದಲ್ಲಿ ಪ್ರತಿ ಪಾಳಿಗೆ ಒಬ್ಬ ರೋಗಿಗೆ ಒಬ್ಬ ನರ್ಸ್ ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತು ಹಾಕಿಕೊಟ್ಟ ಅಳತೆ. ಒಬ್ಬರೇ ಹಲವರನ್ನು ನೋಡಿಕೊಳ್ಳಬೇಕಾದಾಗ ಮೊದಲು ಬಿಟ್ಟುಹೋಗುವುದು ಉಸಿರಿನ ಎಣಿಕೆ. ಅಮೆರಿಕದ ಲಿಂಡಾ ಐಕೆನ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಶಸ್ತ್ರಚಿಕಿತ್ಸೆಯ ವಾರ್ಡುಗಳಲ್ಲಿ ನರ್ಸ್ ಒಬ್ಬರ ಪಾಲಿಗೆ ರೋಗಿಯೊಬ್ಬರು ಹೆಚ್ಚಾದಂತೆಲ್ಲ ತಿಂಗಳೊಳಗಿನ ಸಾವಿನ ಸಂಭವ ಶೇ. 7ರಷ್ಟು ಏರುತ್ತಿತ್ತು. ಖಾಲಿ ಬಿದ್ದ ಹುದ್ದೆ ಎಂದರೆ ಕಡತದ ಲೆಕ್ಕವಷ್ಟೇ ಅಲ್ಲ ಎಂಬುದಕ್ಕೆ ಇಷ್ಟು ಸಾಕು.

ಸಂಖ್ಯೆಯಷ್ಟೇ ಮುಖ್ಯವಾದದ್ದು ಮಾತಿನ ಬೆಲೆ. ರಾತ್ರಿ ಎರಡು ಗಂಟೆಗೆ ವೈದ್ಯರಿಗೆ ಫೋನ್ ಮಾಡಿ ‘ಯಾಕೋ ಪೇಷಂಟ್ ಸರಿ ಇಲ್ಲ ಸರ್’ ಎಂದರೆ ‘ಬೆಳಿಗ್ಗೆ ನೋಡೋಣ’ ಎಂಬ ಉತ್ತರ ಬರಬಹುದು. ಅದನ್ನೇ ಕ್ರಮವಾಗಿ ಹೇಳುವ ವಿಧಾನವೊಂದಿದೆ. ಈಗ ಏನಾಗಿದೆ, ಹಿನ್ನೆಲೆ ಏನು, ಕಂಡದ್ದೇನು, ಆಗಬೇಕಾದದ್ದೇನು. ‘ಆರನೇ ಹಾಸಿಗೆಯವರ ಉಸಿರು 28. ಸಂಜೆ 18 ಇತ್ತು. ನಿನ್ನೆ ಹೊಟ್ಟೆಯ ಆಪರೇಷನ್ ಆಗಿದೆ. ಎರಡು ಗಂಟೆಯಿಂದ ಮೂತ್ರ ಇಪ್ಪತ್ತೇ ಮಿಲಿ. ನೀವು ಬಂದು ನೋಡಬೇಕು.’ ಅಮೆರಿಕದ ನೌಕಾದಳದ ಜಲಾಂತರ್ಗಾಮಿಗಳಲ್ಲಿ ಹುಟ್ಟಿದ ಈ ಮಾತಿನ ಶಿಸ್ತು ಆಸ್ಪತ್ರೆಗಳಿಗೆ ಬಂದದ್ದು ಈ ಶತಮಾನದ ಆರಂಭದಲ್ಲಿ. ಅಂಕಿ ಇದ್ದ ಮಾತನ್ನು ತಳ್ಳಿಹಾಕುವುದು ಕಷ್ಟ.

ಮನೆಯವರ ಮಾತಿಗೂ ಬೆಲೆಯಿದೆ. ‘ಅಪ್ಪ ಯಾಕೋ ಒಂಥರಾ ಮಾಡಾಕತ್ತಾನ್ರಿ ಸಿಸ್ಟರ, ನನ್ನ ಗುರುತ ಹಿಡೀವೊಲ್ಲ’ ಎಂದು ಮಗಳು ಬಂದು ಹೇಳಿದರೆ, ಅದು ಅಂಕಪಟ್ಟಿಯಲ್ಲಿ ಹೇಳಿದ ‘ಹೊಸ ಗೊಂದಲ’ವೇ. ಇಂಗ್ಲೆಂಡಿನಲ್ಲಿ ಮಾರ್ಥಾ ಮಿಲ್ಸ್ ಎಂಬ ಹದಿಮೂರು ವರ್ಷದ ಬಾಲಕಿ 2021ರಲ್ಲಿ ಸೋಂಕು ರಕ್ತಕ್ಕೇರಿ ತೀರಿಕೊಂಡಳು. ತಂದೆತಾಯಿ ವ್ಯಕ್ತಪಡಿಸಿದ ಆತಂಕಕ್ಕೆ ತಕ್ಕ ಗಮನ ಸಿಕ್ಕಿರಲಿಲ್ಲ. ಅವರ ಹೋರಾಟದ ಫಲವಾಗಿ, ಮನೆಯವರು ಬೇರೊಂದು ತಂಡದ ತುರ್ತು ಪರಿಶೀಲನೆ ಕೇಳಬಹುದೆಂಬ ‘ಮಾರ್ಥಾ ನಿಯಮ’ 2024ರಿಂದ ಅಲ್ಲಿನ ಆಸ್ಪತ್ರೆಗಳಲ್ಲಿ ಜಾರಿಗೆ ಬರತೊಡಗಿತು.

ಹೀಗೆ ನೋಡಿದರೆ ಶುಶ್ರೂಷೆ ನರ್ಸ್ ಒಬ್ಬರ ಹೊಣೆಯಲ್ಲ. ರೋಗಿಯ ದೇಹ ಹೇಳುವುದನ್ನು ನರ್ಸ್ ಕೇಳಬೇಕು. ಮನೆಯವರು ಹೇಳುವುದನ್ನೂ ಕೇಳಬೇಕು. ನರ್ಸ್ ಹೇಳುವುದನ್ನು ವೈದ್ಯರು ಕೇಳಬೇಕು. ವಾರ್ಡು ಹೇಳುವುದನ್ನು ಆಡಳಿತ ಕೇಳಬೇಕು. ಈ ಸರಪಳಿಯಲ್ಲಿ ಒಂದು ಕೊಂಡಿ ಕಿವುಡಾದರೂ ಮಂಚದ ಮೇಲಿನ ಜೀವಕ್ಕೆ ಅಪಾಯ.

ಇಲ್ಲಿ ಕುಳಿತಿರುವ ವಿದ್ಯಾರ್ಥಿಗಳು ನಾಳೆ ಯಾವ ಊರಿನ ಆಸ್ಪತ್ರೆಗೆ ಹೋದರೂ ಅಲ್ಲಿ ಯಂತ್ರಗಳು ಹೆಚ್ಚಿರಬಹುದು, ಕಡಿಮೆ ಇರಬಹುದು. ಗಡಿಯಾರವಂತೂ ಇದ್ದೇ ಇರುತ್ತದೆ. ಮಣಿಕಟ್ಟು ಹಿಡಿದು ಒಂದು ಪೂರ್ತಿ ನಿಮಿಷ ಉಸಿರನ್ನು ಎಣಿಸಿ. ಎಣಿಸಿದ್ದನ್ನೇ ಬರೆಯಿರಿ. ಬರೆದದ್ದು ಸರಿಯಿಲ್ಲವೆನಿಸಿದರೆ ಯಾರಾದರೂ ಕೇಳುವವರೆಗೂ ಹೇಳಿ.